ಹತ್ತಿಸುವ ಕೈ

ಟ್ರ್ಯಾಕ್ಟರ್ ಹತ್ತಿ ಇಳಿಯುವುದು ಏನು ಮಹಾ ವಿದ್ಯೆ ಎಂದು ಕೇಳುವವರಿದ್ದಾರೆ. ಅಂಥವರು ಮಣ್ಣು ಮೆತ್ತಿದ ಬೂಟು ತೊಟ್ಟು, ಸೊಂಟಕ್ಕೆ ಲೋಹದ ಕೀಲು ಹಾಕಿಸಿಕೊಂಡು, ಅದರ ಮೇಲೆ ಬಿಗುಮಾನವನ್ನೂ ಹೊತ್ತುಕೊಂಡು ಒಮ್ಮೆ ಹತ್ತಿ ನೋಡಲಿ. ಬೂಟಿನ ಮಣ್ಣನ್ನು ಕೆರೆದು ತೆಗೆಯಬಹುದು, ಕೀಲಿನ ನೋವಿಗೆ ಗುಳಿಗೆ ಇದೆ, ಬಿಗುಮಾನಕ್ಕೆ ಮಾತ್ರ ಯಾವ ಅಂಗಡಿಯಲ್ಲೂ ಮದ್ದು ಸಿಗುವುದಿಲ್ಲ. ನಮ್ಮ ಯಜಮಾನರ ಹತ್ತಿರ ಈ ಮೂರೂ ಧಾರಾಳವಾಗಿದ್ದವು.

ಕೀಲು ಹಾಕಿಸಿದ್ದು ಹಿಂದಿನ ವರ್ಷ. ಅಟ್ಟದ ಏಣಿಯಿಂದ ಜಾರಿ ಬಿದ್ದು ಬಲಸೊಂಟ ಪುಡಿಯಾಗಿತ್ತು. ಆಸ್ಪತ್ರೆಯಲ್ಲಿ ವ್ಯಾಯಾಮ ಮಾಡಿಸುತ್ತಿದ್ದಾಕೆ ಮನೆಗೆ ಕಳಿಸುವಾಗ ನಮ್ಮಿಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಹೇಳಿದ್ದಳು: "ನಡೀಬಹುದು, ಕೆಲಸ ಮಾಡಬಹುದು, ಟ್ರ್ಯಾಕ್ಟರ್ ಕೂಡ ಓಡಿಸಬಹುದು. ಆದರೆ ಮೇಲಿಂದ ಹಾರೋ ಹಾಗಿಲ್ಲ. ಹಾರಿ ಕೀಲು ಜಾರಿತು ಅಂದ್ರೆ ಆಮೇಲೆ ಗಾಲಿಕುರ್ಚಿನೇ ಗತಿ." ಇಳಿಯುವ ಕ್ರಮವನ್ನೂ ಕುರ್ಚಿಯೊಂದನ್ನು ಇಟ್ಟುಕೊಂಡು ತೋರಿಸಿದಳು. ಇಂಜಿನ್ ಆರಿಸಬೇಕು, ಬ್ರೇಕ್ ಹಾಕಬೇಕು, ಮುಖ ಗಾಡಿಯ ಕಡೆಗೇ ಇರಬೇಕು, ಬೆನ್ನು ಹೊರಗೆ. ಕೈಯೆರಡು ಹಿಡಿದಿದ್ದರೆ ಮಾತ್ರ ಕಾಲು ಎತ್ತಬೇಕು. ನಾನು ಪಾಠ ಒಪ್ಪಿಸುವವಳ ಹಾಗೆ ಎಲ್ಲವನ್ನೂ ಬಾಯಿಪಾಠ ಮಾಡಿಕೊಂಡೆ. ಇವರು ಸೂರು ನೋಡುತ್ತಾ ಕೂತಿದ್ದರು.

ಹಳೆಯ ಟ್ರ್ಯಾಕ್ಟರ್ ಆಸ್ಪತ್ರೆ ಓಡಾಟದಲ್ಲೇ ಮಾರಿಹೋಗಿತ್ತು. ಇನ್ನೊಂದನ್ನು ಸೆಕೆಂಡ್‌ಹ್ಯಾಂಡ್ ಆಗಿ ತಂದೆವು. ಮಾರಿದಾಕೆ ಪಕ್ಕದ ಊರಿನಲ್ಲಿ ಬಟ್ಟೆ ಹೊಲಿಯುತ್ತಿದ್ದ ಅಕ್ಕ. ಗಂಡ ತೀರಿಕೊಂಡ ಮೇಲೆ ಹೊಲವನ್ನು ಬೇರೆಯವರಿಗೆ ಕೊಟ್ಟು ಹೊಲಿಗೆ ಹಿಡಿದಿದ್ದಳು. ಗಾಡಿಯನ್ನು ಅವಳ ಅಂಗಳದಲ್ಲಿ ನೋಡಿದಾಗಲೇ ನನಗೆ ಇಷ್ಟವಾಯಿತು. ಎಡಗಡೆ, ಕಾಲಿಡುವ ಹಲಗೆಗೂ ನೆಲಕ್ಕೂ ನಡುವೆ, ಹಲ್ಲುಹಲ್ಲಾದ ತಗಡಿನ ಒಂದು ಅಗಲ ಮೆಟ್ಟಿಲನ್ನು ಬೆಸುಗೆ ಹಾಕಿಸಿದ್ದರು. ಹತ್ತುವಾಗ ಹಿಡಿಯಲು ಮಡ್‌ಗಾರ್ಡಿಗೆ ಉದ್ದನೆಯ ಹಿಡಿ ಬೇರೆ.

ಟೈಲರ್ ಅಕ್ಕ ಏನನ್ನೂ ಮುಚ್ಚಿಡಲಿಲ್ಲ. "ನಮ್ಮನೆಯವರು ಹೋಗಿದ್ದು ಈ ಗಾಡಿಯಿಂದ ಇಳಿಯೋವಾಗಲೇ. ಬೇಡ ಅನ್ನಿಸಿದ್ರೆ ಈಗಲೇ ಹೇಳಿ. ತಗೊಳ್ಳೋದಾದ್ರೆ ಎಡಗಡೆಯಿಂದಲೇ ಹತ್ತಿ, ಎಡಗಡೆಯಿಂದಲೇ ಇಳೀರಿ. ಆ ಮೆಟ್ಟಿಲು ಮಾತ್ರ ತೆಗೀಬೇಡಿ" ಎಂದಳು. ಇವರು ಟೈರಿಗೆ ಒದ್ದು ನೋಡುತ್ತಾ, "ಗಾಡಿ ಏನು ಮಾಡುತ್ತಮ್ಮ ಅದಕ್ಕೆ" ಎಂದರು. ಅಲ್ಲಿಗೆ ಮಾತು ಮುಗಿದು ಗಾಡಿ ನಮ್ಮದಾಯಿತು.

ವಾರ ಕಳೆಯುವುದರೊಳಗೆ ಮೆಟ್ಟಿಲು ಮಾಯ. ಆದದ್ದಿಷ್ಟು. ಡೀಸೆಲ್ ಹಾಕಿಸಲು ಹೋದಾಗ ಬಂಕಿನಲ್ಲಿ ಯಾವನೋ, "ಏನಣ್ಣ, ಮೊಮ್ಮಕ್ಕಳಿಗೆ ಅಂತ ಮಾಡಿಸಿದ ಮೆಟ್ಟಿಲಾ ಇದು?" ಎಂದನಂತೆ. ನಾಲ್ಕು ಜನ ನಕ್ಕರಂತೆ. ಇವರು ಅಲ್ಲಿಂದ ನೆಟ್ಟಗೆ ವೆಲ್ಡರ್ ಹತ್ತಿರ ಹೋಗಿ ಮೆಟ್ಟಿಲನ್ನೂ ಹಿಡಿಯನ್ನೂ ಕೊಯ್ಯಿಸಿ, ಅಲ್ಲೇ ಗುಜರಿಗೆ ಎಸೆದು, ಅವನ ಅಂಗಡಿಯ ಕಟ್ಟೆಯ ಮೇಲಿಂದ ಗಾಡಿ ಏರಿ ಬಂದರು. ಕೊಯ್ದ ಜಾಗದಲ್ಲಿ ಲೋಹ ಹಸಿಗಾಯದ ಹಾಗೆ ಹೊಳೆಯುತ್ತಿತ್ತು. ನಾನು ಅಂಗಳದಲ್ಲೇ ನಿಂತು ಬಾಯಿಗೆ ಬಂದಿದ್ದನ್ನೆಲ್ಲ ಬೈದೆ.

"ಕೂಗಾಡಿ ಏನು ಬಂತು" ಎಂದರು ಅತ್ತೆ, ಜಗಲಿಯಲ್ಲಿ ಆಲೂಗಡ್ಡೆ ಆರಿಸುತ್ತಾ. "ಹುಟ್ಟೋವಾಗಲೇ ಕಾಲು ಮುಂದೆ ಮಾಡ್ಕೊಂಡು ಬಂದವನು. ಸೂಲಗಿತ್ತಿ ಅವತ್ತೇ ಹಣೆ ಚಚ್ಚಿಕೊಂಡಿದ್ಳು."

ಮಾರನೆಯ ಬೆಳಿಗ್ಗೆ ಇವರು ಗಾಡಿಯ ಎಡಗಡೆ ನಿಂತು ಕಾಲಿಡುವ ಹಲಗೆಯನ್ನು ನೋಡುತ್ತಿದ್ದರು. ಅದು ಇವರ ಮೊಣಕಾಲಿಗಿಂತ ಎತ್ತರದಲ್ಲಿತ್ತು. ಎಡಗಾಲೇನೋ ಎತ್ತಿ ಇಟ್ಟರು. ಆದರೆ ಮೈಯನ್ನು ಮೇಲಕ್ಕೆಳೆಯಲು ಬಲಗಾಲು ನೆಲವನ್ನು ಒದೆಯಬೇಕಲ್ಲ, ಅದು ಒದೆಯಲಿಲ್ಲ. ಮತ್ತೆ ಇಳಿಸಿದರು, ಮತ್ತೆ ಇಟ್ಟರು. ಹಣೆಯಲ್ಲಿ ಬೆವರು ಕಿತ್ತಿತ್ತು. ನಾನು ಕೈ ಒರೆಸಿಕೊಂಡು ಹೊರಗೆ ಹೋಗಿ, "ಹಿಡ್ಕೊಳ್ಳಿ" ಎಂದು ಕೈ ಚಾಚಿದೆ.

"ಹೋಗೇ ಒಳಗೆ. ಯಾರಾದರೂ ನೋಡ್ತಾರೆ."

ಹೋದೆ. ಅವಮಾನವಾಗಿತ್ತು. ಇಷ್ಟು ವರ್ಷ ಇವರ ಜೊತೆ ಮೂಟೆ ಎತ್ತಿದ ಕೈ ಇದು, ಆಸ್ಪತ್ರೆಯಲ್ಲಿ ಬೆನ್ನೊರೆಸಿದ ಕೈ. ಅಡುಗೆಮನೆಯ ಕಿಟಕಿಯಲ್ಲಿ ನಿಂತು, ಎಷ್ಟು ಹೊತ್ತು ಒದ್ದಾಡುತ್ತಾರೋ ನೋಡೇಬಿಡೋಣ ಎಂದುಕೊಂಡೆ.

ಇವರು ಹಲಗೆಯ ಮೇಲೆ ಎಡಗಾಲಿಟ್ಟು, ತಲೆ ತಗ್ಗಿಸಿ ನೆಲ ನೋಡುತ್ತಾ ಸುಮ್ಮನೆ ನಿಂತಿದ್ದರು. ಸೋತುಹೋಗಿದ್ದರು ಅಂತಲೇ ಹೇಳಬೇಕು. ಹಿಡಿಯಿದ್ದ ಜಾಗ ನೆನಪಾಗಿಯೋ ಏನೋ, ಬಲಗೈ ತಾನಾಗಿ ಮೇಲೆ ಹೋಯಿತು. ಹಿಡಿ ಅಲ್ಲಿರಲಿಲ್ಲ. ಕೈ ಗಾಳಿಯಲ್ಲೇ ನಿಂತಿತು. ಆಮೇಲೆ ಆ ತೋಳು ನೆಟ್ಟಗೆ ಬಿಗಿಯಿತು, ಭುಜ ಮೇಲಕ್ಕೆದ್ದಿತು, ಇವರ ಇಡೀ ಮೈ ಬಾವಿಯಿಂದ ಕೊಡ ಸೇದಿದ ಹಾಗೆ ಒಂದೇ ಸಮನೆ ಮೇಲೇರಿ ಸೀಟಿನ ಪಕ್ಕ ನಿಂತಿತು. ಕಾಲು ಒದ್ದದ್ದನ್ನು ನಾನು ನೋಡಲಿಲ್ಲ. ಕೈ ಏನನ್ನೂ ಹಿಡಿದಿರಲಿಲ್ಲ.

ಮೊದಲು ನನಗೆ ಬಂದದ್ದು ಸಂತೋಷ, ಸುಳ್ಳು ಯಾಕೆ ಹೇಳಲಿ. ಕಾಲಿಗೆ ಶಕ್ತಿ ಬಂತು ಎಂದುಕೊಂಡೆ. ಒಲೆಯ ಮೇಲೆ ಹಾಲು ಉಕ್ಕಿದ ಮೇಲೆಯೇ ಮೈ ಜುಮ್ಮೆಂದದ್ದು. ಇವರು ಕೂತ ಮೇಲೆ ಸೀಟಿನ ಸ್ಪ್ರಿಂಗು ಒಂದು ಸಲ ಕುಗ್ಗಿದ್ದು ಸರಿ. ಇವರು ಇನ್ನೂ ನಿಂತಿದ್ದಾಗಲೇ ಅದು ಕುಗ್ಗಿತ್ತಲ್ಲ, ಅದು ಹೇಗೆ?

ಆ ದಿನದಿಂದ ಇವರು ಬಹಳ ಗೆಲುವಾದರು. ಬೆಳಿಗ್ಗೆ ಶಿಳ್ಳೆ ಹಾಕುತ್ತಾ ಹೊರಡುವರು, ಬಂಕಿನವರ ಎದುರು ಬೇಕೆಂದೇ ಹತ್ತಿ ಇಳಿದು ಬರುವರು. ಕೇಳಿದರೆ "ಅಭ್ಯಾಸ ಆಯ್ತು ಕಣೇ" ಅನ್ನುವರು. ಆದರೆ ಒಂದು ಸಂಜೆ ಊಟಕ್ಕೆ ಕೂತಾಗ ಬಲ ಮಣಿಕಟ್ಟಿನ ಸುತ್ತ ಗ್ರೀಸಿನ ಕಲೆ ಕಂಡಿತು. ಸಾಲಾಗಿ ನಾಲ್ಕು ಪಟ್ಟೆ. ಬೆರಳುಗಳ ಗುರುತು, ಯಾರಿಗಾದರೂ ತಿಳಿಯುವಂಥದ್ದು. ಹೆಬ್ಬೆರಳು ಇರಬೇಕಾದ ಕಡೆ ಏನೂ ಇಲ್ಲ. ಸೋಪು ಹಾಕಿ ತಿಕ್ಕಿದೆ, ಸೀಮೆಎಣ್ಣೆ ಹಾಕಿ ತಿಕ್ಕಿದೆ. ಚರ್ಮ ಕೆಂಪಾಯಿತೇ ಹೊರತು ಕಲೆ ಹೋಗಲಿಲ್ಲ.

"ಯಾರದ್ರೀ ಇದು?" ಎಂದೆ.

ಇವರು ಕೈ ಹಿಂದಕ್ಕೆಳೆದುಕೊಳ್ಳಲಿಲ್ಲ. ಹೇಳಲು ಕಾಯುತ್ತಿದ್ದವರ ಹಾಗೆ ಹತ್ತಿರ ಸರಿದು ಕೂತರು. "ಯಾರೋ ಮೇಲಿಂದ ಕೈ ಕೊಡ್ತಾರೆ. ನೋಡಿಲ್ಲ. ತಲೆ ಎತ್ತಿದರೆ ಬಿಟ್ಟುಬಿಡುತ್ತೆ. ನೆಲ ನೋಡ್ತಾ ಕೈ ಎತ್ತಬೇಕು, ಅಷ್ಟೇ. ಎಂಥಾ ಹಿಡಿತ ಅಂತೀಯ! ಅಲುಗಾಡೋದಿಲ್ಲ."

"ಹೆದರಿಕೆ ಆಗಲ್ವಾ?"

"ಯಾಕೆ? ಒಳ್ಳೇದೇ ಮಾಡ್ತಿದೆಯಲ್ಲ. ಯಾರಿಗೂ ಗೊತ್ತಾಗೋದೂ ಇಲ್ಲ."

ಆ ಕೊನೆಯ ಮಾತು ನನ್ನ ಹೊಟ್ಟೆಗೆ ಬೆಂಕಿ ಇಟ್ಟಿತು. ಹೆದರಿಕೆಗಿಂತ ಮೊದಲು ಸಿಟ್ಟು ಬಂತು. ಹೆಂಡತಿ ಕೈ ಚಾಚಿದರೆ ಮಾನ ಹೋಗುತ್ತದೆ, ಸತ್ತವನು ಚಾಚಿದರೆ ಹೋಗುವುದಿಲ್ಲ. ತಟ್ಟೆ ಎತ್ತಿಕೊಂಡು ಎದ್ದುಬಿಟ್ಟೆ.

ಹತ್ತಿಸುವ ಕೈಗೆ ಇಳಿಸುವುದು ಗೊತ್ತಿರಲಿಲ್ಲ. ಅದು ನನಗೆ ತಿಳಿದದ್ದು ಆಮೇಲೆ. ಇಳಿಯುವಾಗ ಇವರು ಒಬ್ಬರೇ. ಮೆಟ್ಟಿಲಿಲ್ಲ, ಹಿಡಿಯಿಲ್ಲ. ಒಂದು ಮಧ್ಯಾಹ್ನ ಹೊಲಕ್ಕೆ ನೀರು ಕೊಂಡೊಯ್ಯುವಾಗ ಕಣ್ಣಾರೆ ಕಂಡೆ. ಇವರು ಬಲಗಡೆಗೆ ತಿರುಗಿದರು. ಆ ಕಡೆ ಬ್ರೇಕಿನ ಪೆಡಲು, ನೇಗಿಲು ಎತ್ತುವ ಲಿವರ್, ಕಾಲಿಡಲು ಜಾಗವೇ ಇಲ್ಲ. ಮುಖ ಹೊರಗೆ ಮಾಡಿಕೊಂಡು, ಇಂಜಿನ್ ಗುರುಗುಟ್ಟುತ್ತಿರುವಾಗಲೇ ಹಾರಿಬಿಟ್ಟರು. ಅಂಗಿಯ ತೋಳು ಲಿವರಿಗೆ ತಗುಲಿ ಪರ್ರನೆ ಹರಿಯಿತು. ನೆಲಕ್ಕೆ ಬಿದ್ದವರು ಹಿಂದಿನ ಚಕ್ರಕ್ಕೆ ಕೈಯೂರಿ ಬಹಳ ಹೊತ್ತು ಹಾಗೇ ನಿಂತರು. ಮುಖದಲ್ಲಿ ರಕ್ತವಿರಲಿಲ್ಲ.

ನಾನು ನೀರಿನ ಕ್ಯಾನನ್ನು ಅಲ್ಲೇ ಬಿಟ್ಟು ಓಡಿದೆ. ಕೀಲು ಜಾರಿರಲಿಲ್ಲ, ಪುಣ್ಯ. "ಇನ್ನೊಂದು ಸಲ ಹೀಗೆ ಮಾಡಿದ್ರೆ ನಾನೇ ಗಾಡಿಗೆ ಬೆಂಕಿ ಹಚ್ತೀನಿ" ಎಂದೆ. ಇವರು ಸಂಜೆಯವರೆಗೂ ಹಲ್ಲು ಕಚ್ಚಿಕೊಂಡೇ ನಡೆದರು.

ಆಮೇಲೆ ಹಾರುವುದನ್ನು ಬಿಟ್ಟರು. ಅದಕ್ಕಿಂತ ಕೆಟ್ಟದ್ದು ಶುರುವಾಯಿತು, ಇಳಿಯುವುದನ್ನೇ ಬಿಡತೊಡಗಿದರು. ಕೆಲಸ ಮುಗಿಸಿ, ಇಂಜಿನ್ ಆರಿಸಿ, ಸೀಟಿನ ಮೇಲೆ ಸುಮ್ಮನೆ ಕೂತಿರುವರು. ಊಟಕ್ಕೆ ಕೂಗಿದರೆ "ಬಂದೆ" ಎಂಬ ಉತ್ತರ ಬರುತ್ತಿತ್ತು, ಮನುಷ್ಯ ಬರುತ್ತಿರಲಿಲ್ಲ. ಅನ್ನ ಆರಿ ಗಟ್ಟಿಯಾಗುವುದು. ಅತ್ತೆ ಹೋಗಿ ಗದರಿದರೆ ನಗುವರು. ಸೂರ್ಯ ಇಳಿಯುವ ಹೊತ್ತಿಗೆ ಹೇಗೋ ತೆವಳಿ ಕೆಳಗೆ ಬರುವರು. ನೆಲಕ್ಕೆ ಕಾಲು ತಾಗಿದ ಕೂಡಲೇ ಮುಖ ಕಿವುಚಿಕೊಳ್ಳುವುದು.

"ಮೇಲೆ ಕೂತಾಗ ನೋವಿಲ್ಲ ಕಣೇ. ಒಂಚೂರೂ ಇಲ್ಲ. ಇಳಿದ ತಕ್ಷಣ ಎಲ್ಲ ವಾಪಸ್ ಬರುತ್ತೆ" ಎಂದರು ಒಂದು ದಿನ. "ಮತ್ತೆ ಯಾಕೆ ಇಳೀಬೇಕು ಹೇಳು."

ಗಾಲಿಕುರ್ಚಿಯ ಹೆದರಿಕೆ ಆ ಕ್ಷಣಕ್ಕೆ ಬಲು ಸಣ್ಣದಾಗಿ ಕಂಡಿತು. ಒಂದು ದಿನ ಇವರು ಇಳಿಯುವುದೇ ಇಲ್ಲ, ಅಲ್ಲೇ ಕೂತು ಮುಗಿದುಹೋಗುತ್ತಾರೆ ಎಂದು ಖಚಿತವಾಗಿ ಅನ್ನಿಸಿತು. ಮಾರನೆಯ ದಿನ ಬೆಳಿಗ್ಗೆ ಪಕ್ಕದ ಊರಿಗೆ ಬಸ್ಸು ಹತ್ತಿದೆ.

ಟೈಲರ್ ಅಕ್ಕನ ಅಂಗಡಿ ಅವಳ ಮನೆಯ ಮುಂದಿನ ಕೋಣೆಯೇ. ನೆಲದ ತುಂಬ ಬಟ್ಟೆಯ ಚೂರು, ಗೋಡೆಯಲ್ಲಿ ಹೊಲಿದಿಟ್ಟ ಶಾಲೆ ಅಂಗಿಗಳ ಸಾಲು. ಅವಳು ಕಾಲರ್ ಹೊಲಿಯುತ್ತಿದ್ದಳು. "ಗಾಡಿ ಸರಿಯಾಗಿದೆಯಾ?" ಎಂದು ತಲೆ ಎತ್ತದೆಯೇ ಕೇಳಿದಳು.

ನಾನು ಸುತ್ತಿ ಬಳಸಿ ಮಾತಾಡುವವಳಲ್ಲ. "ಅಕ್ಕ, ನಿಮ್ಮ ಯಜಮಾನರಿಗೆ ಬಲಗೈ ಹೆಬ್ಬೆರಳು ಇತ್ತಾ?" ಎಂದೆ.

ಮೆಷಿನ್ ನಿಂತಿತು. "ಇಲ್ಲ. ಹುಲ್ಲು ಕತ್ತರಿಸೋ ಯಂತ್ರಕ್ಕೆ ಹೋಗಿತ್ತು" ಎಂದಳು. ನನ್ನನ್ನೇ ನೋಡುತ್ತಾ, "ಮೆಟ್ಟಿಲು ತೆಗೆಸಿದ್ರಾ?" ಎಂದು ಕೇಳಿದಳು. ತಲೆಯಾಡಿಸಿದೆ. ಆಮೇಲೆ ಎಲ್ಲವನ್ನೂ ಹೇಳಿದೆ, ಗ್ರೀಸಿನ ಪಟ್ಟೆ, ಗಾಳಿಗೆ ಎತ್ತಿದ ತೋಳು, ಇಳಿಯಲು ಒಲ್ಲೆ ಅನ್ನುವುದು.

ಅವಳು ಹೊಲಿಯುತ್ತಿದ್ದ ಕಾಲರನ್ನು ಮಡಿಲಲ್ಲಿಟ್ಟುಕೊಂಡು ಕೇಳಿದಳು. ಕೊನೆಗೆ ತನ್ನದನ್ನು ಹೇಳಿದಳು. "ನಮ್ಮನೆಯವರಿಗೆ ಎರಡೂ ಮಂಡಿ ಹೋಗಿತ್ತು ತಾಯಿ. ಕೈ ಕೊಡೋಕೆ ಹೋದಾಗಲೆಲ್ಲ 'ದೂರ ನಿಲ್ಲು' ಅಂತ ಗದರೋರು. ಸರಿ, ನನ್ನ ಕೈ ಬೇಡವಾದ್ರೆ ಬೇಡ ಅಂತ ಅವರು ಇಲ್ಲದಾಗ ಮೆಟ್ಟಿಲು ಹಾಕಿಸಿದೆ. ಅದಕ್ಕೆ ಸಿಟ್ಟು. ನಾನೇನು ಮುದುಕನಾ ಅಂತ. ಆ ಮೆಟ್ಟಿಲಿನ ಮೇಲೆ ಕಾಲಿಡೋದಿಲ್ಲ ಅಂತ ಹಟಕ್ಕೆ ಬಲಗಡೆಯಿಂದ ಹಾರೋಕೆ ಶುರು ಮಾಡಿದ್ರು. ಒಂದು ದಿನ ಗೇರಿನಿಂದ ತೆಗೀದೆ ಹಾರಿದ್ದಾರೆ. ತೋಳು ಲಿವರಿಗೆ ಸಿಕ್ಕಿದೆ. ಗಾಡಿ ಮುಂದೆ ಹೋಗಿದೆ. ಮಿಕ್ಕಿದ್ದು ನಾನು ಹೇಳೋದಿಲ್ಲ."

ಗೋಡೆಯ ಮೇಲಿನ ಪುಟ್ಟ ಅಂಗಿಗಳನ್ನು ನೋಡುತ್ತಾ ಕೂತೆ.

"ಈಗ ಕೈ ಕೊಡ್ತಾರಾ ಅವರು?" ಎಂದಳು ಇದ್ದಕ್ಕಿದ್ದ ಹಾಗೆ. "ಗುರುತು ಪರಿಚಯ ಇಲ್ಲದವರಿಗೆ? ಇಪ್ಪತ್ತು ವರ್ಷ ಸಂಸಾರ ಮಾಡಿದೀನಿ, ನಂಗೊಂದು ದಿನ ಕೊಟ್ಟವರಲ್ಲ." ಕಾಲರ್ ಬಟ್ಟೆಯಿಂದಲೇ ಕಣ್ಣೊತ್ತಿಕೊಂಡಳು. ನನ್ನ ಸಿಟ್ಟೇ ಅವಳ ಬಾಯಲ್ಲಿ ಕೇಳಿದ ಹಾಗಾಯಿತು.

"ಒಂದು ಸಲ ಬನ್ನಿ ಅಕ್ಕ. ನೀವು ಹೇಳಿದ್ರೆ ಅವರು ಇವರನ್ನ ಬಿಡಬಹುದು."

"ನಾನು ಬರೋದಿಲ್ಲ."

"ದಮ್ಮಯ್ಯ ಅಂತೀನಿ."

"ಬೇಡ ತಾಯಿ. ನಾನು ಬಂದ್ರೆ ಹತ್ತಿಬಿಡ್ತೀನಿ" ಎಂದಳು. "ಅವರು ಕೈ ಕೊಟ್ರೆ ನಾನು ಆಮೇಲೆ ಇಳಿಯೋದಿಲ್ಲ. ಅದು ನಂಗೆ ಗೊತ್ತು." ಮತ್ತೆ ಮೆಷಿನ್ ತುಳಿಯತೊಡಗಿದಳು. ನಾನು ಎದ್ದು ಬಂದಾಗಲೂ ನಿಲ್ಲಿಸಲಿಲ್ಲ.

ಬಸ್ಸಿಳಿದು ಮನೆ ಮುಟ್ಟಿದಾಗ ಮಧ್ಯಾಹ್ನದ ಬಿಸಿಲು ಚುರುಕಾಗಿತ್ತು. ಅತ್ತೆ ಹೊಲದ ಬದುವಿನಲ್ಲಿ ಕೋಲೂರಿ ನಿಂತಿದ್ದರು. ನನ್ನನ್ನು ಕಂಡದ್ದೇ ಅಳುಮುಖ ಮಾಡಿಕೊಂಡು, "ಬೆಳಿಗ್ಗೆಯಿಂದ ಕೂತಿದಾನೆ. ಕರೆದರೆ ಓಗೊಡೋದಿಲ್ಲ. ಗಾಡಿನೂ ಓಡಿಸ್ತಿಲ್ಲ. ಏನಾಗಿದೆಯೇ ಅವನಿಗೆ?" ಎಂದರು. ಆಲೂಗಡ್ಡೆ ಹೊಲದ ನಟ್ಟನಡುವೆ ಟ್ರ್ಯಾಕ್ಟರ್ ನಿಂತಿತ್ತು. ಉತ್ತ ಸಾಲು ಅರ್ಧಕ್ಕೇ ನಿಂತುಹೋಗಿತ್ತು. ಗಾಳಿ ಇರಲಿಲ್ಲ, ಹಕ್ಕಿಯೂ ಇರಲಿಲ್ಲ. ಹೊಸದಾಗಿ ಉತ್ತ ನೆಲಕ್ಕೆ ಹುಳ ಹೆಕ್ಕಲು ಹಕ್ಕಿ ಬರದೇ ಇರುವುದನ್ನು ನಾನು ಎಂದೂ ನೋಡಿಲ್ಲ.

ಹತ್ತಿರ ಹೋದೆ. ಇವರು ಎರಡೂ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಬಿಸಿಲಿಗೆ ತುಟಿ ಒಡೆದಿತ್ತು. ಮುಖ ಮಾತ್ರ ನಿದ್ದೆ ಹೋದ ಮಗುವಿನ ಹಾಗೆ ಶಾಂತ.

"ಇಳೀರಿ" ಎಂದೆ.

"ಆಮೇಲೆ."

"ನೀರಾದರೂ ಕುಡೀರಿ ಬನ್ನಿ."

"ಬಾಯಾರಿಕೆ ಇಲ್ಲ ಕಣೇ."

ಕೈ ಚಾಚಿದೆ. ತೋಳು ಸೋಲುವವರೆಗೂ ಚಾಚಿಕೊಂಡೇ ನಿಂತೆ. ಇವರು ಆ ಕೈಯನ್ನು ನೋಡಿದರು, ನೋಡಿ ಬೇರೆ ಕಡೆ ತಿರುಗಿದರು. ನನಗೆ ಅಳು ಬಂತು, ಅದರ ಹಿಂದೆಯೇ ರೋಷ ಬಂತು. ಸರಿ, ನೀವು ಬರದಿದ್ದರೆ ನಾನೇ ಬಂದು ಕುತ್ತಿಗೆ ಹಿಡಿದು ಇಳಿಸುತ್ತೇನೆ ಎಂದು ಎಡಗಡೆಗೆ ಹೋಗಿ ಹಲಗೆಯ ಮೇಲೆ ಕಾಲಿಟ್ಟೆ. ನಾನು ಗಿಡ್ಡಿ. ಹಲಗೆ ನನಗೆ ಇನ್ನೂ ಎತ್ತರ. ಹಿಡಿಯಲು ಏನಾದರೂ ಸಿಗುತ್ತದೇನೋ ಎಂದು ಕಾಲು ಜಾರೀತೆಂದು ನೆಲ ನೋಡುತ್ತಲೇ ಕೈ ಮೇಲೆ ತಡಕಾಡಿದೆ. ಆ ಗಳಿಗೆಯಲ್ಲಿ ನಾನು ಏನು ಮಾಡುತ್ತಿದ್ದೇನೆ ಎಂಬುದು ನನಗೆ ಹೊಳೆದಿರಲಿಲ್ಲ.

ಮಣಿಕಟ್ಟಿನ ಸುತ್ತ ನಾಲ್ಕು ಬೆರಳು ಬಿಗಿದವು.

ತಣ್ಣಗಿರಬಹುದು ಎಂದುಕೊಂಡಿದ್ದೆ. ಇರಲಿಲ್ಲ. ದಿನವಿಡೀ ಕೆಲಸ ಮಾಡಿದ ಕೈಯ ಹಾಗೆ ಬೆಚ್ಚಗಿತ್ತು, ಒರಟಾಗಿತ್ತು, ಗ್ರೀಸಿನ ಜಿಡ್ಡಿತ್ತು. ಎಳೆಯಲಿಲ್ಲ, ಜಗ್ಗಲಿಲ್ಲ. ನನ್ನ ಭಾರವನ್ನು ನನ್ನಿಂದ ತೆಗೆದುಕೊಂಡಿತು, ಅಷ್ಟೇ. ನೆಲ ಕೆಳಗೆ ಹೋಯಿತು, ನಾನು ಮಡ್‌ಗಾರ್ಡಿನ ಮೇಲೆ ಇವರ ಪಕ್ಕದಲ್ಲಿ ಕೂತಿದ್ದೆ.

ಮಂಡಿಯ ಸೆಳೆತ ನಿಂತುಹೋಗಿತ್ತು. ಬೆನ್ನಿನ ಹಳೆಯ ನೋವು, ಬಸ್ಸಿನಲ್ಲಿ ಶುರುವಾದ ತಲೆನೋವು, ಗಂಟಲಲ್ಲಿ ಕಟ್ಟಿದ ಅಳು, ಒಂದೂ ಇರಲಿಲ್ಲ. ಅಲ್ಲಿಂದ ನೋಡಿದರೆ ಹೊಲ ಅಗಲವಾಗಿ, ಸಮನಾಗಿ ಹರಡಿಕೊಂಡಿತ್ತು. ಬದುವಿನಲ್ಲಿ ನಿಂತಿದ್ದ ಅತ್ತೆ ಬಾಯಿ ಆಡಿಸುತ್ತಿದ್ದರು, ಏನೂ ಕೇಳಿಸಲಿಲ್ಲ. ಆ ಮನೆ, ಆ ಒಲೆ, ಬೆಳಗಾದರೆ ಏಳುವುದು, ಇವರು ಬಿದ್ದಾರೆಂದು ದಿನವಿಡೀ ಕಿಟಕಿಯಲ್ಲಿ ನಿಲ್ಲುವುದು, ಎಲ್ಲ ಯಾರದೋ ಕೆಲಸ ಅನ್ನಿಸಿತು. ಯಾಕೆ ಹತ್ತಿದೆ ಎಂಬುದು ಮರೆತೇಹೋಗಿತ್ತು. ತಲೆ ಎತ್ತಿ ಅತ್ತ ನೋಡಲಿಲ್ಲ, ಮಣಿಕಟ್ಟಿನ ಮೇಲಿನ ಹಿಡಿತ ಹಾಗೇ ಇತ್ತು. ನನ್ನ ಜೀವಮಾನದಲ್ಲಿ ಯಾರೂ ನನ್ನನ್ನು ಹೀಗೆ ಹಿಡಿದಿರಲಿಲ್ಲ. ಬಿಡದಿರಲಿ ಎಂದುಕೊಂಡೆ.

"ಏ" ಎಂದರು ಇವರು.

ನಾನು ತಿರುಗಿ ನಕ್ಕೆನಂತೆ. ಇವರು ಆಮೇಲೆ ಹೇಳಿದ್ದು. ಯಾರನ್ನೋ ಬಸ್‌ಸ್ಟ್ಯಾಂಡಿನಲ್ಲಿ ಕಂಡ ಹಾಗೆ, ಗುರುತಿಲ್ಲದ ನಗು ನಕ್ಕೆನಂತೆ.

"ಏ, ಇಳಿಯೋಣ ನಡಿ."

"ಆಮೇಲೆ" ಎಂದೆ ನಾನು.

ಆ ಮಾತು ಕೇಳಿ ಇವರ ಮುಖದ ಶಾಂತಿಯೆಲ್ಲ ಇಳಿದುಹೋಯಿತು. ಹೆದರಿಕೆ ಬಂತು ಇವರಿಗೆ. ಇಷ್ಟು ದಿನ ತಮ್ಮ ಪಾಲಿಗೆ ಬಾರದ ಹೆದರಿಕೆ ನನ್ನನ್ನು ನೋಡಿ ಬಂತು. ನನ್ನ ಭುಜ ಹಿಡಿದು ಅಲುಗಾಡಿಸಿದರು. ನಾನು ಅಲುಗಲಿಲ್ಲ. ಆಗ ಇವರು ಸೀಟಿನಿಂದ ಎದ್ದರು. ಸ್ಟೇರಿಂಗನ್ನು ಒಂದು ಕೈಯಲ್ಲಿ, ಮಡ್‌ಗಾರ್ಡನ್ನು ಇನ್ನೊಂದು ಕೈಯಲ್ಲಿ ಹಿಡಿದು, ಮುಖವನ್ನು ಗಾಡಿಯ ಕಡೆ ಮಾಡಿ, ಬೆನ್ನನ್ನು ಹೊರಗೆ ಮಾಡಿ, ಎಡಗಡೆಯಿಂದ ಇಳಿಯತೊಡಗಿದರು. ಕಾಲು ಕೆಳಗೆ ಮೆಟ್ಟಿಲು ಹುಡುಕಿತು. ಇವರೇ ಕೊಯ್ಯಿಸಿ ಎಸೆದ ಮೆಟ್ಟಿಲು. ಬೂಟು ಗಾಳಿಯಲ್ಲಿ ಆಡುವುದನ್ನು ನಾನು ಮೇಲಿನಿಂದ, ಯಾವುದೋ ಆಟ ನೋಡುವ ಹಾಗೆ ನೋಡುತ್ತಿದ್ದೆ. ಇವರು ಕೈಗಳಲ್ಲೇ ಜೋತು, ಹಲ್ಲು ಕಚ್ಚಿ, ಇಂಚಿಂಚಾಗಿ ಮೈ ಇಳಿಸಿ, ಕೊನೆಗೆ ಎರಡೂ ಕಾಲನ್ನು ಮಣ್ಣಿಗೆ ಮುಟ್ಟಿಸಿದರು. ನೋವು ಅಷ್ಟೂ ಒಮ್ಮೆಲೇ ವಾಪಸ್ ಬಂದಿರಬೇಕು. ಹೊಲವೆಲ್ಲ ಕೇಳುವ ಹಾಗೆ ಅರಚಿದರು. ಅರಚುತ್ತಲೇ ತಲೆಯೆತ್ತಿ ಕೈ ಚಾಚಿದರು.

"ಬಾ. ಹಿಡ್ಕೋ."

"ಅತ್ತೆ ನೋಡ್ತಿದಾರೆ" ಎಂದೆ. ಅದು ಎಲ್ಲಿಂದ ನನ್ನ ಬಾಯಿಗೆ ಬಂತೋ ತಿಳಿಯದು.

"ನೋಡಲಿ. ಊರೇ ನೋಡಲಿ. ಬಾರೇ."

ಆ ಕೈ ನಡುಗುತ್ತಿತ್ತು. ಉಗುರಿನಲ್ಲಿ ಮಣ್ಣು, ಅಂಗೈಯಲ್ಲಿ ಬೆವರು. ಅದು ನನ್ನನ್ನು ತಾಳುವುದಿಲ್ಲ, ನಾನು ಭಾರ ಹಾಕಿದರೆ ಇಬ್ಬರೂ ಬೀಳುತ್ತೇವೆ ಎಂಬುದು ನೋಡಿದರೇ ತಿಳಿಯುತ್ತಿತ್ತು. ಮೇಲಿನ ಕೈ ಒಂದಿಷ್ಟೂ ನಡುಗುತ್ತಿರಲಿಲ್ಲ. ಅದು ನನ್ನನ್ನು ಎಳೆಯಲೂ ಇಲ್ಲ, ಬೇಡಲೂ ಇಲ್ಲ. ಸುಮ್ಮನೆ ಹಿಡಿದುಕೊಂಡಿತ್ತು. ಅದನ್ನು ಬಿಡುವುದು ಎಷ್ಟು ಕಷ್ಟವಾಯಿತು ಎಂದು ಇವತ್ತಿಗೂ ಯಾರಿಗೂ ತಿಳಿಸಿ ಹೇಳಲಾರೆ. ಇವರ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಅಂಥದ್ದನ್ನು ನಾನು ಆಸ್ಪತ್ರೆಯಲ್ಲಿ ಕೂಡ ನೋಡಿರಲಿಲ್ಲ. ಆ ನೀರು ನೋಡಿದ ಮೇಲೆ ಇವರು ಯಾರು ಎಂಬುದು ನನಗೆ ನೆನಪಾಯಿತು.

ಮಣಿಕಟ್ಟನ್ನು ಕಿತ್ತುಕೊಂಡು ಇವರ ಕೈ ಹಿಡಿದೆ. ಇಳಿಯುವ ಕ್ರಮ ಬಾಯಿಪಾಠ ಮಾಡಿದವಳು ಅವತ್ತು ಒಂದನ್ನೂ ಪಾಲಿಸಲಿಲ್ಲ. ಇಬ್ಬರೂ ದೊಪ್ಪನೆ ಮಣ್ಣಿಗೆ ಬಿದ್ದೆವು. ಮಂಡಿ, ಬೆನ್ನು, ತಲೆ, ನನ್ನ ನೋವುಗಳೆಲ್ಲ ಒಟ್ಟಿಗೆ ಮನೆಗೆ ಬಂದವು. ಅತ್ತೆಯ ಬೈಗುಳ ಕಿವಿಗೆ ಬಿತ್ತು. ಇಷ್ಟು ಇಂಪಾಗಿ ಅವರು ಎಂದೂ ಬೈದಿರಲಿಲ್ಲ. ಇವರು ಮಣ್ಣಿನಲ್ಲಿ ಮಲಗಿಕೊಂಡೇ ನನ್ನ ಕೈಯನ್ನು ಎದೆಗೆ ಒತ್ತಿಕೊಂಡಿದ್ದರು. ಗಾಡಿಯ ಮೇಲೆ ಸೀಟು ಖಾಲಿಯಿತ್ತು, ಸ್ಪ್ರಿಂಗು ಮಾತ್ರ ಕುಗ್ಗಿಯೇ ಇತ್ತು.

ಇವರ ಕೀಲು ಜಾರಿರಲಿಲ್ಲ. ಆಸ್ಪತ್ರೆಯಾಕೆ ನೋಡಿ, ಅದೃಷ್ಟ ಅಂದಳು. ವೆಲ್ಡರನ್ನು ಹೊಲಕ್ಕೇ ಕರೆಸಿ, ನೆಲದಲ್ಲಿ ನಿಂತೇ ಹೊಸ ಮೆಟ್ಟಿಲು, ಹೊಸ ಹಿಡಿ ಹಾಕಿಸಿದೆವು. ಗಾಡಿಯನ್ನು ಮಾರಲಿಲ್ಲ. ಮಾರುವುದಾದರೆ ಇರುವುದನ್ನು ಹೇಳಿಯೇ ಮಾರಬೇಕು, ಹೇಳಿದರೆ ಕೊಳ್ಳುವವರು ಯಾರು? ಈಗ ಇವರು ಹತ್ತುವಾಗ ನಾನು ಕೆಳಗಿನಿಂದ ಹಿಡಿಯುತ್ತೇನೆ, ನಾನು ಹತ್ತುವಾಗ ಇವರು. ಬಂಕಿನವರು ಕೆಲವು ದಿನ ನಕ್ಕರು. ಇವರು ಅವರ ಎದುರಿಗೇ ನನ್ನ ಕೈ ಹಿಡಿದು, ಮುಖ ಒಳಗೆ ಬೆನ್ನು ಹೊರಗೆ ಮಾಡಿ, ಒಂದೊಂದೇ ಕಾಲು ಇಡುತ್ತಾ ಇಳಿಯುತ್ತಾರೆ. ನಗುತ್ತಿದ್ದವರು ಈಗ ನಗುವುದಿಲ್ಲ.

ಆದರೆ ಕೆಲವು ದಿನ ಬೆಳಿಗ್ಗೆ, ಮೆಟ್ಟಿಲಿನ ಮೇಲೆ ಕಾಲಿಟ್ಟು ನೆಲ ನೋಡುತ್ತಿರುವಾಗ, ನನ್ನ ಬಲಗೈ ಹಿಡಿಯನ್ನು ಬಿಟ್ಟು ತಾನಾಗಿ ಮೇಲೆ ಹೋಗುತ್ತದೆ. ಇವರು ಕೆಳಗಿನಿಂದ "ಏ" ಎಂದು ಜೋರಾಗಿ ಕೂಗುತ್ತಾರೆ. ಕೈ ಇಳಿಸಿಬಿಡುತ್ತೇನೆ. ಇಳಿಸುವ ಮೊದಲು ಬೆರಳ ತುದಿಗೆ ಬೆಚ್ಚಗೆ ಏನೋ ತಾಕಿರುತ್ತದೆ. ಅದನ್ನು ಇವರಿಗೆ ನಾನು ಹೇಳಿಲ್ಲ, ಇವರಿಗೆ ತಾಕುತ್ತದೆಯೇ ಎಂದು ಕೇಳಿಯೂ ಇಲ್ಲ.